ಆರೋಹ ಅವರೋಹ ಬಂದರೆ ರಾಗ ಬಂದಂತೆಯೇ?

ಡಿಸೆಂಬರ್ ಬಂತೆಂದರೆ ದ್ವಿತೀಯ ಪಿಯುಸಿಯಲ್ಲಿ ಹಿಂದೂಸ್ತಾನಿ ಸಂಗೀತ ತೆಗೆದುಕೊಂಡ ಮಕ್ಕಳು ನನ್ನ ಹತ್ತಿರ ಬರುವುದು ಜಾಸ್ತಿಯಾಗುತ್ತದೆ. ಕಲಬುರಗಿಯವರಷ್ಟೇ ಅಲ್ಲ, ಆಳಂದ, ಜೇವರ್ಗಿ, ಶಹಾಪುರದ ಕಡೆಯವರೂ ಬರುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಮಾಡುವುದು ಒಂದೇ ತಪ್ಪು. ಫೋನಿನಲ್ಲಿ ರಾಗದ ಆರೋಹ, ಅವರೋಹ, ಅಂದರೆ ಸ್ವರಗಳು ಏರುವ, ಇಳಿಯುವ ಕ್ರಮ ನೋಡಿಕೊಳ್ಳುತ್ತಾರೆ. ಆ ಸ್ವರಗಳನ್ನು ಕೀಬೋರ್ಡಿನಲ್ಲಿ ಒತ್ತುತ್ತಾ ಒಂದು ವಚನಕ್ಕೆ ಕೂಡಿಸುತ್ತಾರೆ. "ಸರ್, ನಾನೇ ಕಟ್ಟೀನ್ರಿ" ಎನ್ನುತ್ತಾರೆ.

ಕಟ್ಟುವ ಉಮೇದು ನನಗೆ ಬಹಳ ಇಷ್ಟ. ಅದನ್ನು ಮುರಿಯಬಾರದು. ಆದರೆ ಆ ಸ್ವರಗಳೆಲ್ಲ ಇದ್ದರೂ ರಾಗ ಮಾತ್ರ ಅಲ್ಲಿರುವುದಿಲ್ಲ.

ಭೂಪಾಲಿ ಮತ್ತು ದೇಶಕಾರ ತೆಗೆದುಕೊಳ್ಳಿ. ಎರಡಕ್ಕೂ ಸಾ ರೇ ಗ ಪ ಧ, ಅವೇ ಐದು ಶುದ್ಧ ಸ್ವರ. ಆದರೂ ಎರಡೂ ಬೇರೆ ರಾಗ. ಭೂಪಾಲಿಯ ವಾದಿ, ಅಂದರೆ ಮುಖ್ಯ ಸ್ವರ, ಗಾಂಧಾರ (ಗ); ಸಂವಾದಿ, ಅಂದರೆ ಅದರ ನಂತರದ ಮುಖ್ಯ ಸ್ವರ, ಧೈವತ (ಧ). ಹಾಡು ಗಾಂಧಾರದ ಸುತ್ತ ತಿರುಗುತ್ತದೆ, ಕೆಳಗಿನ ಭಾಗದಲ್ಲಿ ಆರಾಮಾಗಿ ನಿಲ್ಲುತ್ತದೆ. ಅದು ರಾತ್ರಿಯ ಮೊದಲ ಪ್ರಹರದ ರಾಗ. ದೇಶಕಾರದಲ್ಲಿ ಧೈವತವೇ ವಾದಿ. ಅಲ್ಲಿ ಓಡಾಟವೆಲ್ಲ ಮೇಲಿನ ಭಾಗದಲ್ಲಿ, ರಿಷಭಕ್ಕೆ (ರೇ) ಬಲ ಕಮ್ಮಿ, ಹಾಡುವುದು ಬೆಳಿಗ್ಗೆ. ಭೂಪಾಲಿ ಹಾಡುತ್ತೇನೆ ಎಂದು ಕುಳಿತು ಧೈವತದ ಮೇಲೆ ಮತ್ತೆ ಮತ್ತೆ ನಿಂತರೆ ಕೇಳುವವರಿಗೆ ದೇಶಕಾರ ಕಾಣುತ್ತದೆ. ಒಂದು ಸ್ವರವೂ ತಪ್ಪಿಲ್ಲ, ಆದರೂ ರಾಗ ಕೆಟ್ಟಿತು.

ಮಾರವಾ, ಪೂರಿಯಾ, ಸೋಹನಿ ಮೂರರಲ್ಲೂ ಇದೇ ಕಥೆ. ಕೋಮಲ (ತಗ್ಗಿಸಿದ) ರಿಷಭ, ತೀವ್ರ (ಏರಿಸಿದ) ಮಧ್ಯಮ (ಮ), ಪಂಚಮವೇ (ಪ) ಇಲ್ಲ. ಪೂರಿಯಾ ಮಂದ್ರ ಸಪ್ತಕದ (ಕೆಳಗಿನ ಸ್ಥಾಯಿಯ) ಕಡೆ ಇಳಿದು ಗಾಂಧಾರ, ನಿಷಾದಗಳನ್ನು (ನಿ) ಆಶ್ರಯಿಸುತ್ತದೆ. ಸೋಹನಿ ತಾರ ಷಡ್ಜದ (ಮೇಲಿನ ಸಾ) ಹತ್ತಿರವೇ ಓಡಾಡುತ್ತದೆ. ಮಾರವಾದಲ್ಲಿ ರಿಷಭ, ಧೈವತ ಎದ್ದು ನಿಲ್ಲುತ್ತವೆ. ಇದನ್ನೇ ನಾವು ಚಲನ ಎನ್ನುವುದು: ಎಲ್ಲಿ ನಿಲ್ಲಬೇಕು, ಎಲ್ಲಿ ಮುಟ್ಟಿ ಹೋಗಬೇಕು, ಎಲ್ಲಿಂದ ಎಲ್ಲಿಗೆ ಹೋಗಬೇಕು. ಫೋನಿನಲ್ಲಿ ಬರೆದುಕೊಂಡ ಎರಡು ಸಾಲಿನಲ್ಲಿ ಇದು ಸಿಗುವುದಿಲ್ಲ. ಕೇಳಿ ಕೇಳಿಯೇ ಬರಬೇಕು.

ಆಳಂದದ ಕಡೆಯ ಒಬ್ಬ ಹುಡುಗಿಯನ್ನು ಅವಳ ಅಪ್ಪ ಕರೆತಂದಿದ್ದರು. "ಪೋರಿ ತಾನೇ ಹಾಡು ಕಟ್ಯಾಳ್ರಿ ಸರ್, ಸ್ವಲ್ಪ ಕೇಳ್ರಿ" ಎಂದರು. ಅವಳು ಕಟ್ಟಿದ್ದು ಮೇಲೆ ಹೇಳಿದ ಭೂಪಾಲಿಯೇ, ಧೈವತದ ಮೇಲೆ ನಿಂತದ್ದು. ಅಪ್ಪ ಊರಿನ ಭಜನೆಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವರು. ಅವರಿಗೆ ಒಂದು ಪದ ಹಾಡಲು ಹೇಳಿದೆ. ರಾಗದ ಹೆಸರು ಅವರಿಗೆ ಗೊತ್ತಿರಲಿಲ್ಲ. ಆದರೆ ಪ್ರತಿ ಸಾಲಿನಲ್ಲೂ ಒಂದೇ ಸ್ವರಕ್ಕೆ ಬಂದು ನಿಲ್ಲುತ್ತಿದ್ದರು. "ಅಪ್ಪ ಎಲ್ಲಿ ನಿಂತರು ನೋಡವ್ವಾ" ಎಂದೆ. ಹುಡುಗಿಗೆ ತಟ್ಟನೆ ಹೊಳೆಯಿತು. ಇಂಥ ಕಿವಿ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿದೆ. ಅದನ್ನು ಬಿಟ್ಟು ಕೀಬೋರ್ಡ್ ನಂಬುತ್ತಾರಲ್ಲ ಎಂಬುದೇ ನನ್ನ ಬೇಸರ.

ಪರೀಕ್ಷೆಗೂ ಇದೇ ಬೇಕು. ಸಿಬಿಎಸ್‌ಇ 12ನೇ ತರಗತಿಯ ಹಿಂದೂಸ್ತಾನಿ ಗಾಯನದಲ್ಲಿ ಲಿಖಿತಕ್ಕೆ 30 ಅಂಕವಾದರೆ ಪ್ರಾಯೋಗಿಕಕ್ಕೆ 70. ಪಿಯುಸಿಯ ಪಠ್ಯಕ್ರಮ ಬೇರೆ, ಅದನ್ನು ನಿಮ್ಮ ಕಾಲೇಜಿನಲ್ಲೇ ಕೇಳಿಕೊಳ್ಳಿ. ಆದರೆ ಯಾವ ಪರೀಕ್ಷಕರ ಮುಂದೆ ಕುಳಿತರೂ ಬಾಯಿಪಾಠದ ಆಲಾಪ (ರಾಗದ ವಿಸ್ತಾರ) ಬೇಗ ಗೊತ್ತಾಗಿಬಿಡುತ್ತದೆ. ನಡುವೆ ತಡೆದು "ಇಲ್ಲಿಂದ ಮುಂದೆ ಹಾಡು" ಎಂದರೆ ಸಾಕು, ಮಗು ತಡವರಿಸುತ್ತದೆ.

ಇನ್ನು ಸಾಹಿತ್ಯ ಕೂಡಿಸುವಾಗ ತಾಳ ಎಣಿಸಿ. ತೀನತಾಲದ 16 ಮಾತ್ರೆಯಲ್ಲಿ (ಎಣಿಕೆಯಲ್ಲಿ) 9ನೆಯದು ಖಾಲಿ, ಅಲ್ಲಿ ಚಪ್ಪಾಳೆ ಇಲ್ಲ. ಎಷ್ಟೋ ಬಂದಿಶ್‌ಗಳು (ರಾಗದಲ್ಲಿ ಕಟ್ಟಿದ ಹಾಡುಗಳು) ಅಲ್ಲಿಂದಲೇ ಎದ್ದು ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ ಬರುತ್ತವೆ. ಮುಖ್ಯ ಮಾತು ಸಮದ ಮೇಲೆ ಬಿದ್ದರೆ ಚೆಂದ. ಶಬ್ದವನ್ನು ನಡುವೆ ಕತ್ತರಿಸಬೇಡಿ, ವಚನದ ಅರ್ಥವೇ ಹೋಗುತ್ತದೆ.

ನಿಮ್ಮ ಗುರುಗಳ ಘರಾಣೆಯಲ್ಲಿ (ಗಾಯನ ಪರಂಪರೆಯಲ್ಲಿ) ನಾನು ಹೇಳಿದ್ದಕ್ಕಿಂತ ಸ್ವಲ್ಪ ಬೇರೆ ಪದ್ಧತಿ ಇದ್ದರೆ ಅವರು ಹೇಳಿದ್ದನ್ನೇ ಹಿಡಿಯಿರಿ. ನನ್ನ ಹತ್ತಿರ ಬರುವವರು ಕೀಬೋರ್ಡ್ ತರಬೇಡಿ. ಒಂದೇ ರಾಗವನ್ನು ಇಬ್ಬರು ಮೂವರು ಹಿರಿಯರು ಹಾಡಿದ್ದನ್ನು ವಾರವಿಡೀ ಕೇಳಿ, ಅವರು ಎಲ್ಲೆಲ್ಲಿ ನಿಂತರು ಎಂದು ಬರೆದುಕೊಂಡು ಬನ್ನಿ. ಅಲ್ಲಿಂದ ಕಟ್ಟಲು ಶುರು ಮಾಡೋಣ.