ಪುನರ್ವಸತಿ ಸೇವೆಯೋ, ಸನ್ನೆ ಭಾಷೆ ಇಂಟರ್‌ಪ್ರಿಟಿಂಗೋ: ಯಾವ ಡಿಗ್ರಿ ಓದಲಿ?

ಪ್ರಶ್ನೆ: ನನಗೆ ಸನ್ನೆ ಭಾಷೆ ತಕ್ಕಮಟ್ಟಿಗೆ ಬರುತ್ತದೆ. ಕಿವುಡರ ಜೊತೆ ಕೆಲಸ ಮಾಡಬೇಕೆಂಬ ಆಸೆ ಇದೆ. ಅಮೆರಿಕದ ಕೆಲವು ಕಾಲೇಜುಗಳಲ್ಲಿ ಅಂಗವಿಕಲರ ಪುನರ್ವಸತಿ ಸೇವೆ ಮತ್ತು ಇಂಟರ್‌ಪ್ರಿಟಿಂಗ್ ಎರಡೂ ಒಂದೇ ವಿಭಾಗದಲ್ಲಿವೆ. ಎರಡೂ ಹೆಚ್ಚುಕಡಿಮೆ ಒಂದೇ ಕೆಲಸ ಅಲ್ವಾ? ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಒಂದೇ ಕೆಲಸ ಅಲ್ಲ. ಒಂದು ವಿಷಯದಲ್ಲಂತೂ ಎರಡೂ ಪೂರ್ತಿ ಉಲ್ಟಾ. ನಿಮ್ಮ ಆಯ್ಕೆ ಆ ವಿಷಯದ ಮೇಲೇ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಒಬ್ಬ ಕಿವುಡ ಯುವಕ ಕೆಲಸದ ಸಂದರ್ಶನಕ್ಕೆ ಹೋಗಿದ್ದಾನೆ ಎಂದುಕೊಳ್ಳಿ. ಅದಕ್ಕೆ ಮೊದಲು ಅವನ ಜೊತೆ ಕೂತು, ಅವನಿಗೆ ಏನು ಇಷ್ಟ, ಯಾವ ತರಬೇತಿ ಬೇಕು, ಕೆಲಸದ ಜಾಗದಲ್ಲಿ ಏನೇನು ಅನುಕೂಲ ಕೇಳಬಹುದು ಎಂದು ಯೋಚಿಸಿ ಹೇಳುವುದು ಪುನರ್ವಸತಿ ಸೇವೆಯವರ ಕೆಲಸ. ಅವರು ಸಲಹೆ ಕೊಡುತ್ತಾರೆ, ಅವನ ಪರವಾಗಿ ಮಾತಾಡುತ್ತಾರೆ, ಬೇಕಾದರೆ ವಾದ ಮಾಡುತ್ತಾರೆ. ಸಂದರ್ಶನದ ಕೋಣೆಯಲ್ಲಿ ಮಾತನ್ನು ಸನ್ನೆಗೆ, ಸನ್ನೆಯನ್ನು ಮಾತಿಗೆ ತಂದು ಹೇಳುವ ಇಂಟರ್‌ಪ್ರಿಟರ್ ಇದ್ಯಾವುದನ್ನೂ ಮಾಡುವಂತಿಲ್ಲ. ಯುವಕ ತಪ್ಪು ಉತ್ತರ ಕೊಟ್ಟರೂ ತಿದ್ದುವಂತಿಲ್ಲ. ಎದುರಿಗಿರುವವರು ಮನಸ್ಸಿಗೆ ನೋವಾಗುವ ಮಾತು ಆಡಿದರೆ ಅದನ್ನು ಮೆತ್ತಗೆ ಮಾಡುವಂತಿಲ್ಲ. ಆ ಮಾತು ಅವನಿಗೆ ತಲುಪಲೇಬೇಕು. ಏನು ಹೇಳಬೇಕು ಎಂದು ತೀರ್ಮಾನಿಸುವ ಹಕ್ಕು ಅವನದು.

ಹಾಗಿದ್ದರೆ ಎರಡೂ ಒಂದೇ ವಿಭಾಗದಲ್ಲಿ ಯಾಕಿವೆ? ಇದಕ್ಕೆ ಒಂದು ಇತಿಹಾಸ ಇದೆ. ಮೊದಲನೇ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಅಂಗವೈಕಲ್ಯ ಇರುವ ನಾಗರಿಕರಿಗೆ ಉದ್ಯೋಗ ತರಬೇತಿ ಕೊಡುವ ಕಾನೂನು ಅಮೆರಿಕದಲ್ಲಿ ಬಂತು. ಕಿವುಡರೂ ಆ ಕಚೇರಿಗಳಿಗೆ ಹೋಗುತ್ತಿದ್ದರು. ಆದರೆ ಅವರ ಮಾತನ್ನು ಅಲ್ಲಿ ಇನ್ನೊಬ್ಬರಿಗೆ ತಿಳಿಸುವವರು ಯಾರು? ಮನೆಯವರು, ಪಾದ್ರಿಗಳು, ಕಿವುಡರ ಶಾಲೆಯ ಮೇಷ್ಟ್ರುಗಳು. ಹೆಚ್ಚಿನವರು ಬಿಡುವಾದಾಗ ಬಂದು ಸಹಾಯ ಮಾಡುತ್ತಿದ್ದರು. ಅದೊಂದು ವೃತ್ತಿ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

1964ರಲ್ಲಿ ಇಂಡಿಯಾನಾ ರಾಜ್ಯದ ಮನ್ಸಿ ಊರಿನಲ್ಲಿ ಒಂದು ಕಾರ್ಯಾಗಾರ ನಡೆಯಿತು. ಅದಕ್ಕೆ ಬೆಂಬಲ ಕೊಟ್ಟದ್ದು ಸರ್ಕಾರದ ಉದ್ಯೋಗ ಪುನರ್ವಸತಿ ಇಲಾಖೆಯೇ. ಇಂಟರ್‌ಪ್ರಿಟರ್‌ಗಳ ಸಂಘ ಆರ್‌ಐಡಿ ಹುಟ್ಟಿದ್ದು ಅಲ್ಲೇ. ಮರುವರ್ಷ, 1965ರಲ್ಲಿ, ಪುನರ್ವಸತಿ ಕಾನೂನಿಗೆ ತಿದ್ದುಪಡಿ ಬಂತು. ಕಿವುಡರಿಗೆ ಇಂಟರ್‌ಪ್ರಿಟರ್ ಒದಗಿಸುವುದೂ ಸರ್ಕಾರ ಹಣ ಕೊಡಬಹುದಾದ ಸೇವೆ ಎಂದಾಯಿತು. ಆಮೇಲೆ 1973ರ ಪುನರ್ವಸತಿ ಕಾಯ್ದೆ, 1990ರ ಅಂಗವಿಕಲರ ಹಕ್ಕಿನ ಕಾಯ್ದೆ ಬಂದವು. ಇಂಟರ್‌ಪ್ರಿಟರ್‌ಗಳಿಗೆ ಬೇಡಿಕೆ ಏರಿತು. ಹಣವೂ ಕಾನೂನೂ ಪುನರ್ವಸತಿಯ ಕಡೆಯಿಂದ ಬಂದಿದ್ದರಿಂದ ಎರಡು ಓದುಗಳು ಹತ್ತಿರ ಹತ್ತಿರವೇ ಬೆಳೆದವು. ಎಲ್ಲ ಕಾಲೇಜುಗಳಲ್ಲಿ ಹೀಗಿಲ್ಲ. ಕೆಲವು ಕಡೆ ಇಂಟರ್‌ಪ್ರಿಟಿಂಗ್ ಭಾಷಾ ವಿಭಾಗದಲ್ಲಿದೆ, ಕೆಲವು ಕಡೆ ಶಿಕ್ಷಣ ವಿಭಾಗದಲ್ಲಿ.

ಈಗ ಓದಿನ ವಿಷಯ. ಪುನರ್ವಸತಿ ಸೇವೆಯ ಪದವಿ ಅಗಲವಾದದ್ದು. ಅಂಗವೈಕಲ್ಯದ ಬಗೆಗಳು, ಮನಃಶಾಸ್ತ್ರ, ಕಾನೂನು, ಸಹಾಯಕ ಉಪಕರಣಗಳು, ಕೇಸ್ ನಿಭಾಯಿಸುವುದು, ಸಂಸ್ಥೆಗಳಲ್ಲಿ ಇಂಟರ್ನ್‌ಶಿಪ್. ಕಿವುಡರ ಜೊತೆಗೆ ಕುರುಡರು, ಬೆನ್ನುಹುರಿಗೆ ಪೆಟ್ಟಾದವರು, ಮಾನಸಿಕ ಕಾಯಿಲೆ ಇರುವವರು, ಹೀಗೆ ಎಲ್ಲರೂ ಇದರ ವ್ಯಾಪ್ತಿಯಲ್ಲಿ ಬರುತ್ತಾರೆ. ಒಂದು ಮಾತು ಮೊದಲೇ ಗೊತ್ತಿರಲಿ. ಅಮೆರಿಕದಲ್ಲಿ ಪುನರ್ವಸತಿ ಕೌನ್ಸೆಲರ್ ಆಗಿ ಪ್ರಮಾಣಪತ್ರ ಪಡೆಯಲು ಸಾಮಾನ್ಯವಾಗಿ ಮಾಸ್ಟರ್ಸ್ ಬೇಕು.

ಇಂಟರ್‌ಪ್ರಿಟಿಂಗ್ ಓದು ಹೀಗೆ ಅಗಲ ಅಲ್ಲ, ಆಳ. ಸನ್ನೆ ಭಾಷೆ ಬರುತ್ತದೆ ಎಂದಿರಿ. ಸಂತೋಷ. ಆದರೆ ಅದು ಈ ಓದಿನ ಆರಂಭ ಮಾತ್ರ. ಎರಡು ಭಾಷೆ ಚೆನ್ನಾಗಿ ಬಲ್ಲ ಎಷ್ಟೋ ಜನ ಒಂದರಿಂದ ಇನ್ನೊಂದಕ್ಕೆ ಅದೇ ಹೊತ್ತಲ್ಲಿ ಹೇಳಬೇಕಾದಾಗ ತಡವರಿಸುತ್ತಾರೆ. ಅಮೆರಿಕನ್ ಸನ್ನೆ ಭಾಷೆಯಲ್ಲಿ ಹುಬ್ಬು ಮೇಲೇರಿಸಿದರೆ ಹೌದು ಅಥವಾ ಅಲ್ಲ ಎಂಬ ಉತ್ತರದ ಪ್ರಶ್ನೆ. ಹುಬ್ಬು ಗಂಟಿಕ್ಕಿದರೆ ಯಾರು, ಏನು, ಯಾಕೆ ಎಂಬ ಪ್ರಶ್ನೆ. ಮುಖವೂ ವ್ಯಾಕರಣವೇ. ನೀವು ಇದನ್ನೆಲ್ಲ ಕೈಯಲ್ಲಿ, ಮುಖದಲ್ಲಿ ಮಾಡುತ್ತಿರುವಾಗ ಕಿವಿ ಮುಂದಿನ ವಾಕ್ಯವನ್ನು ಹಿಡಿಯುತ್ತಿರಬೇಕು.

ಇಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಅವಸರ. ಮಾತು ತಪ್ಪಿಹೋದೀತು ಎಂಬ ಹೆದರಿಕೆಯಲ್ಲಿ ಮಾತುಗಾರರ ಬೆನ್ನಿಗೇ ಅಂಟಿಕೊಂಡು ಹೋಗುತ್ತಾರೆ. ಡೆನಿಸ್ ಕೋಕ್ಲಿ ಎಂಬ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಮಾತಿಗಿಂತ ಸುಮಾರು 2 ಸೆಕೆಂಡ್ ಹಿಂದೆ ಇದ್ದ ಇಂಟರ್‌ಪ್ರಿಟರ್‌ಗಳ ತಪ್ಪುಗಳು, 4 ಸೆಕೆಂಡ್ ಹಿಂದೆ ಇದ್ದವರ ತಪ್ಪುಗಳ ಎರಡರಷ್ಟಕ್ಕಿಂತ ಜಾಸ್ತಿ ಇದ್ದವು. ಕಾರಣ ಸರಳ. ಅರ್ಥ ಪೂರ್ತಿ ಸಿಗುವ ಮೊದಲೇ ಕೈ ಓಡುತ್ತದೆ. ತಡೆದು, ಅರ್ಥ ಹಿಡಿದು, ಆಮೇಲೆ ಹೇಳುವ ಈ ಧೈರ್ಯ ತಾನಾಗಿ ಬರುವುದಿಲ್ಲ. ಯಾರಾದರೂ ನೋಡಿ, ತಿದ್ದಿ, ಮತ್ತೆ ಮಾಡಿಸಬೇಕು. ನಿಮ್ಮದೇ ವಿಡಿಯೊ ನೋಡಿಕೊಂಡು ಒಂದೊಂದು ವಾಕ್ಯ ಎಲ್ಲಿ ತಪ್ಪಿತು ಎಂದು ಹುಡುಕಬೇಕು. ಕಾಲೇಜು ಬೇಕಾಗುವುದು ಇದಕ್ಕೆ. ಇದು ತಲೆಗೆ ಎಷ್ಟು ದಣಿವಿನ ಕೆಲಸ ಎಂದರೆ, ದೀರ್ಘ ಕಾರ್ಯಕ್ರಮಗಳಲ್ಲಿ ಇಬ್ಬರು ಇಂಟರ್‌ಪ್ರಿಟರ್‌ಗಳು ಇರುತ್ತಾರೆ. ಸುಮಾರು 20 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ.

ನಿಯಮದ ಬಗ್ಗೆಯೂ ಕೇಳುತ್ತೀರಿ. ಆರ್‌ಐಡಿ, 2012ರಿಂದ ಪ್ರಮಾಣಪತ್ರ ಬೇಕೆನ್ನುವ ಕಿವಿ ಕೇಳಿಸುವ ಅಭ್ಯರ್ಥಿಗಳಿಗೆ ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ ಇರಬೇಕು ಎಂದಿತು. ಆ ಪದವಿ ಇಂಟರ್‌ಪ್ರಿಟಿಂಗ್‌ನಲ್ಲೇ ಇರಬೇಕೆಂದು ಹೇಳಲಿಲ್ಲ. ಹಾಗಾಗಿ ಪುನರ್ವಸತಿಯಲ್ಲಿ ಪದವಿ ಪಡೆದು ಇಂಟರ್‌ಪ್ರಿಟರ್ ಆಗುವ ದಾರಿಯೂ ಇದೆ. ಆದರೆ ಡಿಗ್ರಿ ಮುಗಿಸಿದ ಕೂಡಲೇ ಪ್ರಮಾಣಪತ್ರದ ಪರೀಕ್ಷೆ ಪಾಸಾಗುವಷ್ಟು ತಯಾರಿ ಎಲ್ಲರಿಗೂ ಇರುವುದಿಲ್ಲ. ಇದನ್ನು ಮನಸ್ಸಲ್ಲಿಟ್ಟುಕೊಂಡೇ ಹೊರಡಿ.

ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಯಾರಿಗಾದರೂ ತೊಂದರೆ ಕಂಡ ತಕ್ಷಣ ದಾರಿ ಹುಡುಕಿಕೊಡಬೇಕು ಅನಿಸುವ ಮನಸ್ಸು ನಿಮ್ಮದಾದರೆ ಪುನರ್ವಸತಿ ಸೇವೆ ಓದಿ. ನಿಮ್ಮ ಸನ್ನೆ ಭಾಷೆ ಅಲ್ಲಿ ದಂಡವಾಗುವುದಿಲ್ಲ. ಕಿವುಡರ ಜೊತೆ ಮಧ್ಯೆ ಯಾರೂ ಇಲ್ಲದೆ ಅವರ ಭಾಷೆಯಲ್ಲೇ ಮಾತಾಡುವ ಕೌನ್ಸೆಲರ್ ಅವರಿಗೆ ತುಂಬಾ ದೊಡ್ಡ ಅನುಕೂಲ. ಭಾಷೆಯೇ ನಿಮ್ಮನ್ನು ಎಳೆಯುತ್ತಿದ್ದರೆ, ಬೇರೆಯವರ ಮಾತನ್ನು ಅವರ ಮಾತಾಗಿಯೇ ಉಳಿಸುವುದರಲ್ಲಿ ನಿಮಗೆ ತೃಪ್ತಿ ಇದ್ದರೆ ಇಂಟರ್‌ಪ್ರಿಟಿಂಗ್ ಓದಿ.

ಇಂಟರ್‌ಪ್ರಿಟಿಂಗ್ ಆರಿಸಿಕೊಂಡರೆ, ಈ ಕೋರ್ಸ್‌ಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಿಸಿಐಇ ಸಂಸ್ಥೆಯ ಮಾನ್ಯತೆ ಇದೆಯಾ, ಅನುಭವಿ ಇಂಟರ್‌ಪ್ರಿಟರ್ ಪಕ್ಕದಲ್ಲಿದ್ದು ಮಾಡಿಸುವ ಪ್ರಾಯೋಗಿಕ ತರಬೇತಿ ಎಷ್ಟು ಗಂಟೆ ಎಂದು ಕಾಲೇಜನ್ನು ಕೇಳಿ. ಅದಕ್ಕಿಂತ ಮೊದಲು, ಅಲ್ಲಿ ಕಿವುಡ ಪ್ರಾಧ್ಯಾಪಕರು ಎಷ್ಟು ಜನ ಇದ್ದಾರೆ ಎಂದು ಕೇಳಿ. ಒಬ್ಬರೂ ಇಲ್ಲದಿದ್ದರೆ ನಾನಂತೂ ಬೇರೆ ಕಾಲೇಜು ನೋಡಿ ಎನ್ನುತ್ತೇನೆ. ನೀವು ಮಾಡಿದ ಸನ್ನೆ ಸ್ಪಷ್ಟವಾಗಿತ್ತೋ ಇಲ್ಲವೋ ಎಂದು ಸರಿಯಾಗಿ ಹೇಳಬಲ್ಲವರು ಆ ಭಾಷೆಯನ್ನೇ ದಿನವಿಡೀ ಬಾಳುವವರು.