ಬಾರ್ ತಡವರಿಸಿದ ಕ್ಷಣ

ಕೆಲವು ತಿಂಗಳ ಹಿಂದೆ ಸೊಂಟ ಹಿಡಿದುಕೊಂಡು ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬಂದ ಯುವಕರೊಬ್ಬರು, ನೋವು ಹೇಗೆ ಶುರುವಾಯಿತೆಂದು ಕೇಳಿದ್ದಕ್ಕೆ ಬಾಯಲ್ಲಿ ಹೇಳುವ ಬದಲು ಮೊಬೈಲಿನಲ್ಲಿ ವಿಡಿಯೊ ತೆರೆದು ತೋರಿಸಿದರು. ಹೆಗಲ ಮೇಲೆ 80 ಕೆ.ಜಿ.ಯ ಬಾರ್ ಹೊತ್ತು ಕುಳಿತೇಳುವ ಸ್ಕ್ವಾಟ್, ಒಂದೇ ಸರದಿಯಲ್ಲಿ ಹತ್ತು ರೆಪ್‌ಗಳ, ಅಂದರೆ ಹತ್ತು ಸಲದ, ಸೆಟ್. ಗೆಳೆಯನೊಬ್ಬ ಪಕ್ಕದಲ್ಲಿ ನಿಂತು ತೆಗೆದದ್ದು. ಮೊದಲ ಆರು ರೆಪ್‌ಗಳು ಒಂದೇ ಲಯದಲ್ಲಿ ಸಾಗಿದ್ದವು. ಏಳನೆಯದರಲ್ಲಿ ಮೇಲೇಳುವಾಗ ಬಾರ್ ಅರ್ಧದಾರಿಯಲ್ಲಿ ತಡವರಿಸಿತು. ಎಂಟನೆಯದರಲ್ಲಿ ಎದೆಗಿಂತ ಮೊದಲು ಸೊಂಟ ಮೇಲೆದ್ದು ಕೆಳಬೆನ್ನು ಬಾಗಿತು. ಒಂಬತ್ತನೆಯದಕ್ಕೆ ಮಂಡಿಗಳು ಒಳಕ್ಕೆ ವಾಲಿದವು, ಹಿಂದಿನಿಂದ ‘ಇನ್ನೊಂದು, ಇನ್ನೊಂದು’ ಎಂಬ ಕೂಗು ಕೇಳಿಸುತ್ತಿತ್ತು. ಹತ್ತನೆಯದು ಅರ್ಧಕ್ಕೇ ನಿಂತಿತು. “ಒಂಬತ್ತರವರೆಗೂ ಏನೂ ಆಗಿರಲಿಲ್ಲ ಸರ್, ಹತ್ತನೆಯದರಲ್ಲೇ ಹಿಡ್ಕೊಂಡ್ತು” ಎಂದರು. ನಾನು ವಿಡಿಯೊವನ್ನು ಹಿಂದಕ್ಕೆ ಎಳೆದು ಏಳನೆಯದರಲ್ಲಿ ನಿಲ್ಲಿಸಿದೆ.

ಭಾರ ಹೆಚ್ಚಿದಂತೆ ಮತ್ತು ದಣಿವು ಏರಿದಂತೆ ನರಮಂಡಲವು ಮೊದಲು ಸಣ್ಣ ಸ್ನಾಯುತಂತುಗಳನ್ನು, ಅವು ಸಾಲದಾದಾಗ ದೊಡ್ಡ, ಬಲವಾದ, ಆದರೆ ಬೇಗ ಸೋಲುವ ತಂತುಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಆ ದೊಡ್ಡ ತಂತುಗಳೂ ಸೋಲತೊಡಗಿದಾಗ, ನೀವು ಪೂರ್ತಿ ಬಲ ಹಾಕಿ ತಳ್ಳುತ್ತಿದ್ದರೂ ಬಾರ್ ತಾನಾಗಿಯೇ ನಿಧಾನವಾಗುತ್ತದೆ. ಉರಿ, ಬೆವರು, ಏದುಸಿರು ಇವೆಲ್ಲ ಮೋಸ ಮಾಡಬಹುದು, ಬಾರಿನ ವೇಗ ಮೋಸ ಮಾಡುವುದು ಕಡಿಮೆ. ಅದು ಇಳಿದ ಮೇಲೂ ಲೆಕ್ಕ ಮುಗಿಸಲೇಬೇಕೆಂದು ಹಟ ಹಿಡಿದರೆ, ತೊಡೆ ಮಾಡಬೇಕಾದ ಕೆಲಸವನ್ನು ಬೆನ್ನು ಹೊತ್ತುಕೊಳ್ಳುತ್ತದೆ. ಆ ಯುವಕರಿಗೆ ಆದದ್ದೂ ಅದೇ.

ಶ್ರಮವನ್ನು ಅಂಕಿಯಲ್ಲಿ ಹೇಳುವ ಕ್ರಮವನ್ನು ರೂಢಿಗೆ ತಂದವರು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್. ಅವರ ಮೂಲ ಅಳತೆ 6ರಿಂದ 20ರವರೆಗಿತ್ತು. ಭಾರ ಎತ್ತುವವರು ಇಂದು ಬಳಸುವುದು 10ರ ಅಳತೆಯನ್ನು. ಇದರಲ್ಲಿ 10 ಎಂದರೆ ಇನ್ನೊಂದು ರೆಪ್ ಕೂಡ ಸಾಧ್ಯವಿಲ್ಲ, 8 ಎಂದರೆ ಇನ್ನೆರಡು ಬಾಕಿ ಇವೆ. ಕೇಳಲು ಸುಲಭವಾದರೂ ಹೊಸಬರು ಈ ಲೆಕ್ಕದಲ್ಲಿ ತಪ್ಪುವುದೇ ಹೆಚ್ಚು. ಎರಡು ಬಾಕಿ ಎಂದು ನಿಲ್ಲಿಸಿದವರಿಗೆ ನಿಜಕ್ಕೂ ನಾಲ್ಕೈದು ಬಾಕಿ ಇರುವುದುಂಟು. ಆದ್ದರಿಂದ ಮಿತಿಯನ್ನು ಒಮ್ಮೆಯಾದರೂ ಮುಟ್ಟಿ ನೋಡಿರಬೇಕು ಎಂಬುದನ್ನು ನಾನು ಒಪ್ಪುತ್ತೇನೆ, ಆದರೆ ಅದನ್ನು ಕುಳಿತು ಕಾಲು ಚಾಚಿ ಭಾರ ಎತ್ತುವ ಲೆಗ್ ಎಕ್ಸ್‌ಟೆನ್ಷನ್‌ನಂತಹ ಯಂತ್ರದಲ್ಲಿ ಮಾಡಬೇಕು. ಅಲ್ಲಿ ಸೋತರೆ ಪ್ಲೇಟುಗಳು ಸದ್ದು ಮಾಡಿ ಕೆಳಗಿಳಿಯುತ್ತವೆ, ಅಷ್ಟೇ. ಮಲಗಿ ಬಾರ್ ಎತ್ತುವ ಬೆಂಚ್ ಪ್ರೆಸ್‌ನಲ್ಲಿ, ಬಾರ್ ಹಿಡಿಯಲು ಸ್ಪಾಟರ್ (ಕಾವಲಿಗೆ ನಿಲ್ಲುವವರು) ಇಲ್ಲದಾಗ ಸೋತರೆ ಬಾರ್ ಇಳಿಯುವುದು ಎದೆಯ ಮೇಲೆ. ಇನ್ನು ಬಲ ಬೆಳೆಯಲು ಪ್ರತಿ ಸೆಟ್ಟನ್ನೂ ಪೂರ್ತಿ ಸೋಲುವವರೆಗೆ ಎಳೆಯಬೇಕಾಗಿಯೂ ಇಲ್ಲ; ಒಂದೆರಡು ರೆಪ್ ಉಳಿಸಿಕೊಂಡವರ ಬಲವೂ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ.

ಕೊನೆಯ ರೆಪ್‌ಗಳಲ್ಲಿ ಉಸಿರು ಬಿಗಿಹಿಡಿದಾಗ ಏರುವ ರಕ್ತದೊತ್ತಡ ಇನ್ನೊಂದು ವಿಷಯ. 1985ರಲ್ಲಿ ಕೆನಡಾದ ಸಂಶೋಧಕರು ಐವರು ದೇಹದಾರ್ಢ್ಯಪಟುಗಳ ತೋಳಿನ ಅಪಧಮನಿಯೊಳಗೇ ನಳಿಕೆ ಇಟ್ಟು ಅಳೆದಾಗ, ಎರಡೂ ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್‌ನಲ್ಲಿ ರಕ್ತದೊತ್ತಡ ಸರಾಸರಿ 320/250ಕ್ಕೆ ಏರಿತ್ತು. ಆರೋಗ್ಯವಂತರ ರಕ್ತನಾಳಗಳು ಕೆಲವು ಕ್ಷಣ ಇದನ್ನು ತಾಳಿಕೊಳ್ಳುತ್ತವೆ. ಬಿ.ಪಿ. ಹತೋಟಿಯಲ್ಲಿ ಇಲ್ಲದವರು ಆ ಜೂಜಿಗೆ ಇಳಿಯಬಾರದು.

ನನಗೆ ಹೆಚ್ಚು ಭಯ ಇರುವುದು ಬಿಡುವಿನ ನಂತರ ಮರಳುವವರ ಬಗ್ಗೆ. ಆರೆಂಟು ತಿಂಗಳು ಜಿಮ್ ಬಿಟ್ಟವರ ಮನಸ್ಸಿನಲ್ಲಿ ಹಳೆಯ ಭಾರವೇ ಕುಳಿತಿರುತ್ತದೆ, ಮೈಯಲ್ಲಿ ಆ ಸಿದ್ಧತೆ ಇರುವುದಿಲ್ಲ. ಮೊದಲ ದಿನವೇ ನೂರಾರು ಬಸ್ಕಿ ಹೊಡೆದರೆ ಸ್ನಾಯುಕೋಶಗಳು ಒಡೆದು, ಅವುಗಳಲ್ಲಿದ್ದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಏಟು ಕೊಡಬಹುದು. ಇದನ್ನು ರ್‍ಯಾಬ್ಡೊಮಯೋಲಿಸಿಸ್ ಎನ್ನುತ್ತಾರೆ. ಸಾಮಾನ್ಯ ಮೈಕೈ ನೋವು ಎರಡು-ಮೂರು ದಿನಗಳಲ್ಲಿ ಇಳಿಮುಖವಾಗುತ್ತದೆ. ತೊಡೆ ಊದಿಕೊಂಡು ಬಿಗಿದು, ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದರೆ ಮನೆಯಲ್ಲಿ ಎಣ್ಣೆ ತಿಕ್ಕಿಕೊಂಡು ಕೂರದೆ, ಅಂದೇ ಆಸ್ಪತ್ರೆಗೆ ಹೋಗಿ ಸ್ನಾಯು ಒಡೆದಿದೆಯೇ ಎಂದು ತಿಳಿಸುವ ಕ್ರಿಯಾಟಿನ್ ಕೈನೇಸ್ ರಕ್ತಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ನುಂಗಬಾರದು, ಮೊದಲೇ ಏಟು ತಿಂದ ಮೂತ್ರಪಿಂಡಕ್ಕೆ ಅದು ಮತ್ತೊಂದು ಹೊರೆ.

ನಮ್ಮ ಗರಡಿಮನೆಗಳಲ್ಲಿ ವಸ್ತಾದರು ಹುಡುಗರ ಸಾಮು ನೋಡುತ್ತಾ ನಿಲ್ಲುತ್ತಿದ್ದುದು ಸುಮ್ಮನೆ ಅಲ್ಲ. ದಂಡೆ ಹೊಡೆಯುವವನ ನಡು ಜೋತುಬಿದ್ದರೆ ಅಲ್ಲಿಗೆ ಅವನ ಲೆಕ್ಕ ಮುಗಿಯಿತು. ಇಂದಿನ ಜಿಮ್ಮುಗಳಲ್ಲಿ ನೋಡುವವರಿಗಿಂತ ಕೂಗುವವರು ಹೆಚ್ಚಾಗಿದ್ದಾರೆ ಎಂದು ನನಗೆ ಅನಿಸುವುದುಂಟು, ಒಳ್ಳೆಯ ತರಬೇತುದಾರರು ಮನ್ನಿಸಲಿ.

ಆ ಯುವಕರ ಕಾಲಿಗೆ ನೋವು ಇಳಿದಿರಲಿಲ್ಲ, ಜೋಮು ಇರಲಿಲ್ಲ. ಆರು ವಾರಗಳಲ್ಲಿ ಸುಧಾರಿಸಿಕೊಂಡರು. ಮರಳಿ ಶುರು ಮಾಡಿದ್ದು 40 ಕೆ.ಜಿ.ಯಿಂದ, ಅದೂ ನಾಚಿಕೆಪಡುತ್ತಲೇ. ನಿದ್ದೆಗೆಟ್ಟ ದಿನ ಐದನೆಯದೇ ತಡವರಿಸುತ್ತದೆ, ಚೆನ್ನಾಗಿ ಮಲಗಿದ ದಿನ ಒಂಬತ್ತರವರೆಗೂ ಸಲೀಸು ಎಂಬುದನ್ನು ಅವರೇ ಗಮನಿಸಿ ಹೇಳಿದರು. ಕಳೆದ ವಾರ ಕಳಿಸಿದ ವಿಡಿಯೊದಲ್ಲಿ 60 ಕೆ.ಜಿ. ಇತ್ತು. ಎಂಟನೆಯದು ನಿಧಾನವಾಗುತ್ತಲೇ ಅವರು ಬಾರನ್ನು ರ್‍ಯಾಕಿಗೆ ಇಟ್ಟು ಈಚೆ ಬಂದರು; ಹಿಂದಿನಿಂದ ಯಾರೋ ‘ಇನ್ನೊಂದು’ ಎನ್ನುತ್ತಲೇ ಇದ್ದರು.