ಸ್ಟ್ರೋಕ್ ಪೇಷಂಟ್ ಆಸ್ಪತ್ರೆ ಒಳಗೆ ಕಳೆಯೋ ಆ ಮೊದಲ ನಿಮಿಷಗಳು

ಬಾಯಿ ವಾರೆ ಆದ್ರೆ, ಒಂದು ಕೈ ಸೋತ್ರೆ, ಮಾತು ತೊದಲಿದ್ರೆ ತಕ್ಷಣ ಆಸ್ಪತ್ರೆಗೆ ಓಡಿ ಅಂತ ಈಗ ಸುಮಾರು ಜನಕ್ಕೆ ಗೊತ್ತು, ಸ್ಟ್ರೋಕ್‌ಗೆ, ಅಂದ್ರೆ ಲಕ್ವಕ್ಕೆ, ನಾಟಿ ಔಷಧಿ ಹುಡುಕ್ಕೊಂಡು ಹೋಗೋರು ಇನ್ನೂ ಇದ್ದಾರೆ ನಿಜ. ಆದ್ರೆ ಓಡಿ ಹೋದ ಮೇಲೆ, ಆಸ್ಪತ್ರೆ ಬಾಗಿಲಿನಿಂದ ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ತನಕ ಎಷ್ಟು ಹೊತ್ತು ಹಿಡಿಯತ್ತೆ ಅಂತ ನಾವು ಯಾರೂ ಕೇಳೋದೇ ಇಲ್ಲ. ಕೇಳಬೇಕು.

ಮೆದುಳಿನ ದೊಡ್ಡ ರಕ್ತನಾಳ ಒಂದು ಹೆಪ್ಪಿನಿಂದ ಕಟ್ಟಿಕೊಂಡ್ರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯ್ತವೆ ಅಂತ ಅಮೆರಿಕದ ನ್ಯೂರಾಲಜಿಸ್ಟ್ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದ್ರು. ಹೆಪ್ಪು ಕರಗಿಸೋ ಆಲ್ಟೆಪ್ಲೇಸ್ ಇಂಜೆಕ್ಷನ್ ಮೂರು ಗಂಟೆ ಒಳಗೆ ಕೊಟ್ರೆ ಅಂಗವೈಕಲ್ಯ ಕಮ್ಮಿ ಆಗತ್ತೆ ಅಂತ 1995ರ ಒಂದು ಟ್ರಯಲ್ ತೋರಿಸ್ತು, 2008ರಲ್ಲಿ ಆ ಗಡುವು ನಾಲ್ಕೂವರೆ ಗಂಟೆಗೆ ಹೋಯ್ತು. ಹಾಗಂತ ನಾಲ್ಕೂವರೆ ಗಂಟೆ ಟೈಮ್ ಇದೆ ಅಂತ ನಿಧಾನ ಮಾಡೋ ಹಾಗಿಲ್ಲ, ಅರ್ಧ ಗಂಟೆ ಮೊದಲು ಕೊಟ್ರೆ ಅರ್ಧ ಗಂಟೆಯಷ್ಟು ಮೆದುಳು ಉಳಿಯತ್ತೆ. ಸಮಸ್ಯೆ ಏನಂದ್ರೆ ಕೆಲವು ಸ್ಟ್ರೋಕ್ ಹೆಪ್ಪಿನಿಂದ ಅಲ್ಲ, ರಕ್ತನಾಳ ಒಡೆದು ಆಗೋದು, ಅಂಥವರಿಗೆ ಇದೇ ಇಂಜೆಕ್ಷನ್ ಪ್ರಾಣ ತೆಗೆಯಬಹುದು, ಹೊರಗಿಂದ ನೋಡಿ ಯಾವುದು ಅಂತ ಹೇಳೋಕೆ ಆಗಲ್ಲ. ಅದಕ್ಕೇ ಮೊದಲು ಸಿಟಿ ಸ್ಕ್ಯಾನ್. ಮೊದಲ ಒಂದೆರಡು ಗಂಟೆಯಲ್ಲಿ ಹೆಪ್ಪಿನ ಸ್ಟ್ರೋಕ್ ಇದ್ರೂ ಸಾದಾ ಸಿಟಿ ನಾರ್ಮಲ್ ಥರಾನೇ ಕಾಣಬಹುದು, ಅಲ್ಲಿ ಡಾಕ್ಟ್ರು ಮುಖ್ಯವಾಗಿ ನೋಡೋದು ರಕ್ತಸ್ರಾವ ಇದ್ಯಾ ಇಲ್ವಾ ಅಂತ. "ಸ್ಕ್ಯಾನ್ ನಾರ್ಮಲ್ ಬಂತು, ಏನೂ ಇಲ್ಲ" ಅಂತ ಮನೆಯವರು ಪೇಷಂಟನ್ನ ವಾಪಸ್ ಕರ್ಕೊಂಡು ಹೋಗ್ಬಾರದು.

ಬಾಗಿಲಿನಿಂದ ಇಂಜೆಕ್ಷನ್ ತನಕದ ಈ ಸಮಯವನ್ನ ಇಳಿಸಿ ತೋರಿಸಿದ ಒಂದು ಆಸ್ಪತ್ರೆ ಇದೆ. ಫಿನ್ಲೆಂಡಿನ ಹೆಲ್ಸಿಂಕಿ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ 1998ರಲ್ಲಿ ಪೇಷಂಟ್ ಬಾಗಿಲಿಗೆ ಬಂದು ಇಂಜೆಕ್ಷನ್ ಬೀಳೋಕೆ ಸಾಮಾನ್ಯವಾಗಿ 105 ನಿಮಿಷ ಆಗ್ತಿತ್ತು, 2011ಕ್ಕೆ ಅದು 20 ನಿಮಿಷಕ್ಕೆ ಇಳೀತು. ಔಷಧಿ ಅದೇ ಆಲ್ಟೆಪ್ಲೇಸ್. ಬದಲಾಗಿದ್ದು ಕೆಲಸ ಮಾಡೋ ಕ್ರಮ. ಮೊದಲು ಒಂದಾದ ಮೇಲೆ ಒಂದು ನಡೀತಿತ್ತು, ದಾಖಲಾತಿ, ಹಾಸಿಗೆ, ಡಾಕ್ಟರ್ ಬರೋದು, ರಕ್ತ ಲ್ಯಾಬಿಗೆ ಹೋಗೋದು, ರಿಪೋರ್ಟಿಗೆ ಕಾಯೋದು, ಆಮೇಲೆ ಸ್ಕ್ಯಾನ್. ಇದರಲ್ಲಿ ಎಷ್ಟಾಗತ್ತೋ ಅಷ್ಟನ್ನ ಪೇಷಂಟ್ ಇನ್ನೂ ದಾರಿಯಲ್ಲಿರೋವಾಗ್ಲೇ ಮುಗಿಸೋಕೆ ಶುರು ಮಾಡಿದ್ರು: ಆಂಬುಲೆನ್ಸಿನವರು ನೇರ ಸ್ಟ್ರೋಕ್ ಡಾಕ್ಟರಿಗೇ ಫೋನ್ ಮಾಡೋದು, ಹಳೇ ಕಾಯಿಲೆ, ತಗೊಳ್ಳೋ ಮಾತ್ರೆಗಳ ವಿವರ ಆಗ್ಲೇ ಹುಡುಕಿ ಇಡೋದು, ಸ್ಕ್ಯಾನ್ ಮೊದಲೇ ಬರೆದಿಡೋದು. ಬಂದ ತಕ್ಷಣ ವಾರ್ಡಿಗಲ್ಲ, ಆಂಬುಲೆನ್ಸಿನ ಸ್ಟ್ರೆಚರಿನಲ್ಲೇ ಸೀದಾ ಸಿಟಿ ಟೇಬಲ್ ಹತ್ರ, ಅಲ್ಲೇ ಇಂಜೆಕ್ಷನ್. ಎಲ್ಲಾ ಲ್ಯಾಬ್ ರಿಪೋರ್ಟ್ ಬರ್ಲಿ ಅಂತ ಕಾಯೋದನ್ನೂ ಬಿಟ್ರು. ಶುಗರ್ ಮಾತ್ರ ನೋಡ್ಲೇಬೇಕು, ಯಾಕಂದ್ರೆ ಶುಗರ್ ತೀರಾ ಇಳಿದ್ರೂ ಸ್ಟ್ರೋಕ್ ಥರಾನೇ ಕಾಣತ್ತೆ, ಅದು ಬೆರಳು ಚುಚ್ಚಿದ್ರೆ ಗೊತ್ತಾಗತ್ತೆ.

ಶ್ರೀಮಂತ ದೇಶ, ಅವರಿಗೆ ಆಯ್ತು ಬಿಡಿ ಅನ್ನಬಹುದು. ಆದ್ರೆ ಅದರಲ್ಲಿ ಬಹುಪಾಲು ಫೋನ್ ಮಾಡೋ ಅಭ್ಯಾಸ, ಮೊದಲೇ ತಯಾರಾಗಿರೋ ಅಭ್ಯಾಸ. ಇದೇ ಪದ್ಧತಿಯನ್ನ ಆಸ್ಟ್ರೇಲಿಯಾದ ರಾಯಲ್ ಮೆಲ್ಬರ್ನ್ ಆಸ್ಪತ್ರೆಯಲ್ಲಿ ತಂದಾಗ ಬರೀ ನಾಲ್ಕು ತಿಂಗಳಲ್ಲಿ ಹಗಲು ಪಾಳಿಯಲ್ಲಿ ಬಾಗಿಲಿನಿಂದ ಇಂಜೆಕ್ಷನ್ ತನಕದ ಸಮಯ 43 ನಿಮಿಷದಿಂದ 25ಕ್ಕೆ ಬಂತು. ರಾತ್ರಿ, ರಜಾದಿನದಲ್ಲಿ ಮಾತ್ರ ಹೆಚ್ಚೇನೂ ಸುಧಾರಿಸ್ಲಿಲ್ಲ, ಆಗ ಜನ ಕಮ್ಮಿ ಇರ್ತಾರೆ, ಸ್ಟ್ರೋಕ್ ಗಡಿಯಾರ ನೋಡ್ಕೊಂಡು ಬರಲ್ಲ.

ದೊಡ್ಡ ನಾಳದ ಹೆಪ್ಪನ್ನ ಕ್ಯಾಥೆಟರ್ ಅನ್ನೋ ತೆಳು ಕೊಳವೆ ಹಾಕಿ ಎಳೆದು ತೆಗೆಯೋ ಚಿಕಿತ್ಸೆಯೂ ಈಗ ಇದೆ, 2015ರ ಟ್ರಯಲ್‌ಗಳ ಮೇಲೆ ಅದು ನೆಲೆ ಊರ್ತು.

ಆದ್ರೆ ನನ್ನನ್ನ ನಿಜವಾಗ್ಲೂ ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಧ್ಯಯನ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಸ್ಯಾಂಡಿ ಮಿಡಲ್ಟನ್ ಅನ್ನೋ ನರ್ಸಿಂಗ್ ಪ್ರೊಫೆಸರ್ 19 ಸ್ಟ್ರೋಕ್ ಘಟಕಗಳಲ್ಲಿ ಮಾಡಿದ್ದು, 2011ರಲ್ಲಿ ಪ್ರಕಟ ಆಯ್ತು. ದುಬಾರಿ ಔಷಧಿ ಒಂದೂ ಇಲ್ಲ, ನರ್ಸ್‌ಗಳು ನೋಡಬೇಕಾದ್ದು ಮೂರೇ ವಿಷಯ: ಜ್ವರ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ತಕ್ಷಣ ಪ್ಯಾರಾಸಿಟಮಾಲ್, ಶುಗರ್ ಏರದ ಹಾಗೆ ನಿಗಾ, ಮತ್ತೆ ಬಾಯಿಗೆ ಏನಾದ್ರೂ ಹಾಕೋ ಮುಂಚೆ ನುಂಗೋಕೆ ಆಗತ್ತಾ ಅಂತ ಪರೀಕ್ಷೆ. ಮೂರು ತಿಂಗಳಾದ ಮೇಲೆ ಸತ್ತವರು ಅಥವಾ ಇನ್ನೊಬ್ಬರ ಮೇಲೆ ಅವಲಂಬಿತರಾದವರು ಹೀಗೆ ನೋಡ್ಕೊಂಡ ಕಡೆ 42%, ಮಾಮೂಲಿ ಆರೈಕೆ ಕಡೆ 58%. ಥರ್ಮಾಮೀಟರ್, ಗ್ಲುಕೋಮೀಟರ್, ಒಂದಿಷ್ಟು ನೀರು, ಇದು ಯಾವ ತಾಲೂಕು ಆಸ್ಪತ್ರೆಯಲ್ಲಿ ಇಲ್ಲ ಹೇಳಿ?

ನುಂಗೋ ಪರೀಕ್ಷೆ ನಮ್ಮಲ್ಲಿ ಇನ್ನೂ ಮುಖ್ಯ, ಯಾಕಂದ್ರೆ ನಮ್ಮ ವಾರ್ಡ್‌ಗಳಲ್ಲಿ ಊಟ ಮಾಡಿಸೋರು ಮನೆಯವರೇ. ಪಾಪ, ಬೆಳಗಿಂದ ಏನೂ ತಿಂದಿಲ್ಲ ಅಂತ ಪ್ರೀತಿಯಿಂದ ಎರಡು ಚಮಚ ಗಂಜಿನೋ, ಕಾಫಿನೋ ಕೊಡ್ತೀವಿ, ಗಂಟಲಿನ ಸ್ನಾಯು ಸೋತಿದ್ರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗತ್ತೆ, ಕೆಮ್ಮು ಕೂಡ ಬರದೇ ಇಳಿದುಬಿಡಬಹುದು. ಮನೆಯಲ್ಲೇ ಬಿಪಿ ಮಾತ್ರೆನೋ ಆಸ್ಪಿರಿನ್ನೋ ನುಂಗಿಸಿ ಕರ್ಕೊಂಡು ಬರೋದೂ ಅಷ್ಟೇ ಅಪಾಯ, ಒಳಗೆ ರಕ್ತಸ್ರಾವ ಇದ್ರೆ ಆಸ್ಪಿರಿನ್ ಅದನ್ನ ಹೆಚ್ಚಿಸಬಹುದು, ಹೆಪ್ಪು ಇದ್ರೆ ಬಿಪಿ ದಿಢೀರ್ ಇಳಿದು ಮೆದುಳಿಗೆ ಹೋಗೋ ಅಷ್ಟಿಷ್ಟು ರಕ್ತವೂ ಕಮ್ಮಿಯಾಗತ್ತೆ. ತರಬೇಕಾದ್ದು ಮಾತ್ರೆ ಚೀಟಿ, ಅದರಲ್ಲೂ ರಕ್ತ ತೆಳು ಮಾಡೋ ಮಾತ್ರೆ ಇದ್ಯಾ ಅನ್ನೋದು, ಜೊತೆಗೆ ಪೇಷಂಟ್ ಕೊನೇ ಸಲ ಚೆನ್ನಾಗಿದ್ದಿದ್ದು ಎಷ್ಟು ಗಂಟೆಗೆ ಅನ್ನೋ ಉತ್ತರ. ನಿದ್ದೆಯಿಂದ ಎದ್ದಾಗ ಕೈ ಸೋತಿದ್ರೆ ಎದ್ದ ಟೈಮ್ ಅಲ್ಲ, ಮಲಗಿದ ಟೈಮ್ ಹೇಳಬೇಕು. ವಾರ್ಡಿಗೆ ಬಂದ ಮೇಲೆ ಮೊದಲ ತುತ್ತಿಗೆ ಮುಂಚೆ ಸಿಸ್ಟರ್ ಹತ್ರ "ನುಂಗೋ ಟೆಸ್ಟ್ ಆಯ್ತಾ?" ಅಂತ ಕೇಳಿ, ಆಗಿಲ್ಲ ಅಂದ್ರೆ ಆಗೋವರೆಗೂ ನೀರೂ ಬೇಡ.